ಹಳೇ ಟ್ರೇಲರ್‌ಗೆ ಹೊಸ ಟೈರ್ ಹುಡುಕಿದ್ದು

ನನ್ನ ಟ್ರೇಲರ್‌ನ ಟೈರ್‌ಗಳು ನೋಡೋಕೆ ಹೊಸದರ ಹಾಗೇ ಇದ್ದವು. ಗ್ರಿಪ್ ಮುಕ್ಕಾಲು ಪಾಲು ಉಳಿದಿತ್ತು. ಅಂಚು ಸವೆದಿರಲಿಲ್ಲ, ಮೊಳೆ ಚುಚ್ಚಿದ ಗುರುತೂ ಇರಲಿಲ್ಲ. ಟ್ರೇಲರ್ ಮಾರಿದವರು "ಟೈರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ" ಅಂದಿದ್ದರು. ಅವರು ಸುಳ್ಳು ಹೇಳಲಿಲ್ಲ. ಕಾರಿನ ಟೈರ್ ನೋಡಿ ಅಭ್ಯಾಸ ಇರುವ ಯಾರೇ ಆದರೂ ಅದನ್ನೇ ಹೇಳುತ್ತಿದ್ದರು.

ಇದು 1960ರ ದಶಕದ ಪುಟ್ಟ ಟ್ರಾವೆಲ್ ಟ್ರೇಲರ್, ಅಂದರೆ ಕಾರಿನ ಹಿಂದೆ ಸಿಕ್ಕಿಸಿ ಎಳೆಯುವ, ಪ್ರವಾಸದಲ್ಲಿ ಒಳಗೇ ಉಳಿದುಕೊಳ್ಳುವ ಗಾಡಿ. ಒಳಗೆ ಮರದ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ತಗಡು. ಒಂದೇ ಆಕ್ಸಲ್, ಎರಡೇ ಚಕ್ರ. ಇಂಥ ಟ್ರೇಲರ್ ವರ್ಷದಲ್ಲಿ ಓಡುವುದಕ್ಕಿಂತ ನಿಂತಿರುವುದೇ ಜಾಸ್ತಿ. ಟೈರ್ ಹಾಳಾಗುವುದೂ ಹಾಗೆ ನಿಂತಲ್ಲೇ. ರಬ್ಬರ್ ಬಿರುಕು ಬಿಡದಿರಲಿ ಅಂತ ಟೈರ್ ಮಾಡುವಾಗಲೇ ಅದಕ್ಕೆ ಮೇಣದಂಥ ವಸ್ತುಗಳನ್ನು ಸೇರಿಸಿರುತ್ತಾರೆ. ಟೈರ್ ಉರುಳಿ, ಬಾಗಿ, ಬಿಸಿಯಾದಾಗ ಅವು ಮೇಲಕ್ಕೆ ಬಂದು ಒಂದು ಪದರದ ಹಾಗೆ ಕೂರುತ್ತವೆ. ತಿಂಗಳುಗಟ್ಟಲೆ ಬಿಸಿಲಲ್ಲಿ ನಿಂತ ಟೈರ್‌ಗೆ ಆ ಅವಕಾಶವೇ ಇಲ್ಲ. ಗ್ರಿಪ್ ಎಷ್ಟಿದೆ ಅಂತ ನೋಡುವುದರಿಂದ ಟ್ರೇಲರ್ ಟೈರ್ ಬಗ್ಗೆ ಏನೂ ಗೊತ್ತಾಗಲ್ಲ. ಅದರ ವಯಸ್ಸು ನೋಡಬೇಕು.

ವಯಸ್ಸು ಟೈರ್ ಮೇಲೇ ಬರೆದಿರುತ್ತದೆ. 'ಡಿಒಟಿ' (ಅಮೆರಿಕದ ಸಾರಿಗೆ ಇಲಾಖೆಯ ಗುರುತು) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿದರೆ ಸಾಕು. ಮೊದಲೆರಡು ವಾರ, ಆಮೇಲಿನ ಎರಡು ವರ್ಷ. ತಮಾಷೆ ಏನೆಂದರೆ ತಾರೀಖು ಇರುವ ಪೂರ್ತಿ ಸಾಲು ಟೈರ್‌ನ ಒಂದೇ ಪಕ್ಕದಲ್ಲಿ ಇದ್ದರೂ ಸಾಕು ಅಂತ ನಿಯಮ. ನನ್ನ ಎರಡೂ ಟೈರ್‌ಗಳಲ್ಲಿ ಅದು ಒಳಪಕ್ಕದಲ್ಲಿತ್ತು. ಚಕ್ರಗಳಿಗೆ ಅಡ್ಡ ಕೊಟ್ಟು, ಟಾರ್ಚ್ ಹಿಡಿದು ಅಂಗಾತ ಮಲಗಿ ತೂರಿದೆ. ಮಣ್ಣು ಒರೆಸಿದಾಗ ಕಂಡಿದ್ದು 1411. ಅಂದರೆ 2011ರ 14ನೇ ವಾರ. ಟ್ರೇಲರ್ ಟೈರನ್ನು ಸವೆದಿರಲಿ ಬಿಡಲಿ, ಐದಾರು ವರ್ಷಕ್ಕೆ ಬದಲಿಸಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಇದು ಆ ಲೆಕ್ಕವನ್ನು ಯಾವಾಗಲೋ ದಾಟಿತ್ತು. ಒಳಪಕ್ಕದ ಗೋಡೆಯಲ್ಲಿ, ರಿಮ್ ಹತ್ತಿರ, ಕೂದಲೆಳೆಯಂಥ ಬಿರುಕುಗಳು ಸುತ್ತಲೂ ಓಡಿದ್ದವು. ಹೆಬ್ಬೆರಳಿನಿಂದ ಒತ್ತಿದರೆ ಬಾಯಿ ಬಿಡುತ್ತಿದ್ದವು. ಹೊರಗಿನಿಂದ ನೋಡಿದರೆ ಇದ್ಯಾವುದೂ ಕಾಣುತ್ತಿರಲಿಲ್ಲ.

ಅಲ್ಲಿಗೆ ಬದಲಿಸಲೇಬೇಕು ಅನ್ನೋದು ಖಚಿತವಾಯಿತು. ಏನು ಹಾಕಬೇಕು ಅನ್ನೋದೇ ದೊಡ್ಡ ಪ್ರಶ್ನೆ.

ಸುಲಭದ ದಾರಿ ಒಂದಿದೆ. ಹಳೇ ಟೈರ್ ಮೇಲಿನ ನಂಬರ್ ಬರೆದುಕೊಂಡು ಹೋಗಿ ಅದನ್ನೇ ಕೊಡಿ ಅನ್ನೋದು. ಹಳೇ ಟ್ರೇಲರ್ ವಿಷಯದಲ್ಲಿ ಈ ದಾರಿ ನನಗೆ ಸರಿ ಕಾಣಲ್ಲ. ಅರವತ್ತು ವರ್ಷದಲ್ಲಿ ಆ ಟ್ರೇಲರ್ ಎಷ್ಟು ಕೈ ಬದಲಾಗಿರುತ್ತದೋ ಯಾರಿಗೆ ಗೊತ್ತು. ಈಗ ಇರುವ ಟೈರ್ ಅಂದರೆ ಹಿಂದಿನ ಯಾರೋ ಒಬ್ಬರಿಗೆ ಆ ದಿನ ಸಿಕ್ಕಿದ ಟೈರ್, ಅಷ್ಟೇ. ನನ್ನ ಟ್ರೇಲರ್‌ನಲ್ಲಿ ಇದ್ದದ್ದು 'ಪಿ 185/80 ಆರ್ 13'. 185 ಅಂದರೆ ಟೈರ್ ಅಗಲ ಮಿಲಿಮೀಟರ್‌ನಲ್ಲಿ, 80 ಅಂದರೆ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಅಂತ, 'ಆರ್' ಅಂದರೆ ರೇಡಿಯಲ್, 13 ಅಂದರೆ ರಿಮ್ ಅಳತೆ ಇಂಚಿನಲ್ಲಿ. ಮೊದಲಿನ ಆ 'ಪಿ' ಅಕ್ಷರ ಅದು ಕಾರಿನ ಟೈರ್ ಅಂತ ಹೇಳುತ್ತದೆ. ಟ್ರೇಲರ್‌ಗೆ ಅಂತಲೇ ಮಾಡಿದ ಟೈರ್‌ಗೆ ಅಮೆರಿಕದ ಪದ್ಧತಿಯಲ್ಲಿ 'ಎಸ್‌ಟಿ' ಅನ್ನೋ ಗುರುತು ಇರುತ್ತದೆ.

ಕಾರಿನ ಟೈರ್ ಹಾಕಿದರೆ ಏನಾಗುತ್ತದೆ? ಕಾರಿನ ಟೈರ್‌ನ ಪಕ್ಕದ ಗೋಡೆ ಮೆತ್ತಗೆ. ಒಳಗೆ ಕೂತವರಿಗೆ ಕುಲುಕಾಟ ಗೊತ್ತಾಗಬಾರದು ಅಂತ ಹಾಗೆ ಮಾಡಿರುತ್ತಾರೆ. ಟ್ರೇಲರ್‌ನಲ್ಲಿ ಆ ಮೆತ್ತಗಿನ ಗೋಡೆ ಅತ್ತಿತ್ತ ವಾಲುತ್ತದೆ, ಹಿಂದಿನಿಂದ ಟ್ರೇಲರ್ ಬಾಲ ಅಲ್ಲಾಡಿಸಿದ ಹಾಗಾಗುತ್ತದೆ. ಅದಕ್ಕೇ ಕಾರಿನ ಟೈರನ್ನು ಟ್ರೇಲರ್‌ಗೆ ಹಾಕುವಾಗ ಅದರ ಮೇಲೆ ಬರೆದ ಭಾರವನ್ನು 1.1ರಿಂದ ಭಾಗಿಸಬೇಕು ಅಂತ ಒಂದು ಲೆಕ್ಕ ಇದೆ. ನನ್ನ ಹಳೇ ಟೈರ್ ಮೇಲೆ ಗರಿಷ್ಠ ಭಾರ 590 ಕೆಜಿ ಅಂತ ಇತ್ತು. ಭಾಗಿಸಿದರೆ ಸುಮಾರು 536.

ಅದು ಸಾಕೋ ಸಾಲದೋ ಅಂತ ಹೇಳಬೇಕಾದರೆ ಟ್ರೇಲರ್ ತೂಕ ಗೊತ್ತಿರಬೇಕು. ಈ ಕಾಲದ ಟ್ರೇಲರ್‌ಗಳಲ್ಲಿ ಬಾಗಿಲ ಹತ್ತಿರ ಒಂದು ಪಟ್ಟಿ ಅಂಟಿಸಿ ಎಲ್ಲಾ ಬರೆದಿರುತ್ತಾರೆ. ನನ್ನದರಲ್ಲಿ ಅದೆಲ್ಲ ಇಲ್ಲ. ಹಳೇ ಜಾಹೀರಾತಿನಲ್ಲಿ ಕೊಟ್ಟ ತೂಕ ನಂಬುವ ಹಾಗಿಲ್ಲ. ಅದು ಖಾಲಿ ಟ್ರೇಲರ್‌ನ ತೂಕ. ಆಮೇಲೆ ಯಾರೋ ನೀರಿನ ಟ್ಯಾಂಕ್ ಹಾಕಿರುತ್ತಾರೆ, ಇನ್ಯಾರೋ ಪ್ಲೈವುಡ್ ಮೇಲೆ ಪ್ಲೈವುಡ್ ಹೊಡೆದಿರುತ್ತಾರೆ.

ಹಾಗಾಗಿ ಪ್ರವಾಸಕ್ಕೆ ಹೊರಡುವಾಗ ಹೇಗೆ ತುಂಬುತ್ತೇವೋ ಹಾಗೇ ತುಂಬಿಸಿದೆ. ಗ್ಯಾಸ್ ಸಿಲಿಂಡರ್, ನೀರು, ಹಾಸಿಗೆ, ಪಾತ್ರೆ, ಟೂಲ್ ಬಾಕ್ಸ್, ಎಲ್ಲಾ. ವೇ ಬ್ರಿಡ್ಜ್‌ಗೆ ಎಳೆದುಕೊಂಡು ಹೋದೆ. ಕಾರಿನಿಂದ ಬಿಚ್ಚಿ ನಿಲ್ಲಿಸಿದಾಗ ಒಟ್ಟು 1,200 ಕೆಜಿ. ಕಾರಿಗೆ ಸಿಕ್ಕಿಸಿ ಟ್ರೇಲರ್ ಚಕ್ರಗಳನ್ನು ಮಾತ್ರ ತಕ್ಕಡಿ ಮೇಲೆ ಇಟ್ಟಾಗ 1,060. ಉಳಿದ 140 ಕೆಜಿ ಹಿಚ್ (ಕಾರಿಗೆ ಸಿಕ್ಕಿಸುವ ಕೊಂಡಿ) ಮೇಲೆ, ಅಂದರೆ ಕಾರಿನ ಮೇಲೆ. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಹಿಚ್ ಮೇಲೆ ಇರಬೇಕು ಅನ್ನುತ್ತಾರೆ. ಅದು ಸರಿಯಾಗೇ ಇತ್ತು.

1,060ನ್ನು ಎರಡರಿಂದ ಭಾಗಿಸಿದರೆ ಒಂದು ಟೈರ್‌ಗೆ 530. ಹಳೇ ಟೈರ್‌ನ 536ರ ಒಳಗೇ ಬಂತಲ್ಲ ಅಂತ ಅನಿಸಬಹುದು. ಆದರೆ ಟ್ರೇಲರ್ ಒಳಗಿನ ಸಾಮಾನು ಸಮವಾಗಿ ಹಂಚಿಕೊಂಡು ಕೂತಿರಲ್ಲ ಅಲ್ವಾ? ಒಂದು ಪಕ್ಕದ ಚಕ್ರ ಮಾತ್ರ ತಕ್ಕಡಿ ಮೇಲೆ, ಇನ್ನೊಂದು ಹೊರಗೆ ಸಮನಾದ ನೆಲದ ಮೇಲೆ ಬರುವ ಹಾಗೆ ನಿಲ್ಲಿಸಿ ಮತ್ತೆ ತೂಗಿಸಿದೆ. ತಕ್ಕಡಿಯವರು ಸ್ವಲ್ಪ ವಿಚಿತ್ರವಾಗಿ ನೋಡಿದರು, ಆದರೆ ಬೇಡ ಅನ್ನಲಿಲ್ಲ. ಎಡಗಡೆ 570, ಬಲಗಡೆ 490. ಒಲೆ, ಫ್ರಿಜ್, ಬ್ಯಾಟರಿ, ನೀರಿನ ಟ್ಯಾಂಕ್ ಎಲ್ಲಾ ಎಡಕ್ಕೇ ಇವೆ. ಬಲಕ್ಕೆ ಬಾಗಿಲು ಮತ್ತು ಒಂದು ಬೆಂಚು.

ಎಡಗಡೆಯ ಟೈರ್ ಇಷ್ಟು ವರ್ಷ ತನ್ನ ಶಕ್ತಿಗಿಂತ ಹೆಚ್ಚು ಹೊತ್ತುಕೊಂಡೇ ಓಡಿತ್ತು. ನನ್ನ ಇಡೀ ಹುಡುಕಾಟದಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದ ಅಂಕಿ ಈ 570. ಇದಾದ ಮೇಲೆ ಯಾರು ಯಾವ ಟೈರ್ ಸಲಹೆ ಕೊಟ್ಟರೂ ಮೊದಲು ಇದರ ಪಕ್ಕ ಇಟ್ಟು ನೋಡುತ್ತಿದ್ದೆ.

ಎಸ್‌ಟಿ ಟೈರ್‌ಗಳಲ್ಲಿ 'ಲೋಡ್ ರೇಂಜ್' ಅಂತ ಒಂದು ಅಕ್ಷರ ಇರುತ್ತದೆ. ಬಿ ಅಂದರೆ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತನಕ ಗಾಳಿ, ಸಿ ಅಂದರೆ 50, ಡಿ ಅಂದರೆ 65. ಅಕ್ಷರ ಮುಂದೆ ಹೋದ ಹಾಗೆ ಹೊರುವ ಭಾರವೂ ಜಾಸ್ತಿ. 13 ಇಂಚಿನಲ್ಲಿ ನನ್ನ ಮುಂದೆ ಇದ್ದವು ಮುಖ್ಯವಾಗಿ ಎರಡು ಸೈಜ್. 175/80 ಆರ್ 13 ಸಿ ಆದರೆ 617 ಕೆಜಿ. ಸಾಲುತ್ತದೆ, ಆದರೆ 570ಕ್ಕೆ ತೀರಾ ಹತ್ತಿರ. ಒಂದು ಗುಂಡಿಗೆ ಇಳಿದರೆ, ಗಾಳಿ ಸ್ವಲ್ಪ ಇಳಿದಿದ್ದರೆ, ಆ ಅಂತರ ಅಲ್ಲಿಗೇ ಮುಗೀತು. 185/80 ಆರ್ 13 ಸಿ ಆದರೆ 670ರ ಸುತ್ತ. ಅದೇ ಸೈಜ್ ಡಿ ಆದರೆ ಸುಮಾರು 775.

13 ಬಿಟ್ಟು 14 ಇಂಚಿಗೆ ಹೋಗು ಅಂತ ಗೆಳೆಯರೊಬ್ಬರು ತುಂಬಾ ಒತ್ತಾಯ ಮಾಡಿದರು. ಅವರ ಮಾತಲ್ಲಿ ಅರ್ಥ ಇತ್ತು. ಎಸ್‌ಟಿ 205/75 ಆರ್ 14 ಸಿ ಟೈರ್ 50 ಪಿಎಸ್‌ಐನಲ್ಲೇ 800 ಕೆಜಿ ಹೊರುತ್ತದೆ. ಟೈರ್ ದೊಡ್ಡದಾದಷ್ಟೂ ಅದೇ ದೂರಕ್ಕೆ ಸುತ್ತು ಕಡಿಮೆ. ವ್ಯಾನ್‌ಗಳಿಗೆ ಬರುವ 185 ಆರ್ 14 ಸಿ ಕೂಡ ನೋಡಿದೆ. ಅದರ ಮೇಲೆ 102/100 ಅಂತ ಇರುತ್ತದೆ. ಒಂಟಿ ಚಕ್ರವಾದರೆ 850 ಕೆಜಿ, ಜೋಡಿ ಚಕ್ರವಾದರೆ ಒಂದೊಂದಕ್ಕೆ 800. ಒಂದು ಎಚ್ಚರ ಇರಲಿ. ಈ ವ್ಯಾನ್ ಟೈರ್‌ನ 'ಸಿ' ಬೇರೆ, ಲೋಡ್ ರೇಂಜ್ 'ಸಿ' ಬೇರೆ. ಮೊದಲನೆಯದು ಇದು ಸರಕು ಗಾಡಿಯ ಟೈರ್ ಅನ್ನೋ ಗುರುತು, ಅಷ್ಟೇ.

ಭಾರದ ದೃಷ್ಟಿಯಿಂದ 14 ಇಂಚೇ ವಾಸಿ. ಆದರೆ ಟೈರ್ ಹೋಗಿ ಕೂರಬೇಕಾದ ಜಾಗ ಏನು ಹೇಳುತ್ತದೆ ಅಂತಲೂ ಕೇಳಬೇಕು.

ಹಳೇ ಟ್ರೇಲರ್‌ಗಳಲ್ಲಿ ಚಕ್ರದ ಗೂಡು ಸಣ್ಣದು. ಸ್ಪ್ರಿಂಗ್ ಪಟ್ಟಿಗಳು ವರ್ಷಗಳಿಂದ ಭಾರ ಹೊತ್ತು ಚಪ್ಪಟೆಯಾಗಿರುತ್ತವೆ. ಸಾಮಾನು ತುಂಬಿದ್ದಾಗಲೇ ಹಬ್‌ನ (ಚಕ್ರ ಕೂರುವ ನಡುಭಾಗ) ನಡುವಿನಿಂದ ಮೇಲಿನ ತಗಡಿನ ತನಕ ಟೇಪ್ ಹಿಡಿದೆ. ಎಡಗಡೆ 375 ಮಿಲಿಮೀಟರ್. 205/75 ಆರ್ 14 ಟೈರ್‌ನ ಅಡ್ಡಳತೆ 663, ಅರ್ಧ ಮಾಡಿದರೆ 332. ಉಳಿಯುವುದು 43 ಮಿಲಿಮೀಟರ್. 185/80 ಆರ್ 13 ಆದರೆ ಅಡ್ಡಳತೆ 626, ಅರ್ಧ 313, ಉಳಿಯುವುದು 62. ಈ ಲೆಕ್ಕ ಯಾರು ಬೇಕಾದರೂ ಮಾಡಬಹುದು. ಟೈರ್ ಅಗಲವನ್ನು ಆ ಶೇಕಡಾ ಅಂಕಿಯಿಂದ ಗುಣಿಸಿ, ಎರಡು ಪಟ್ಟು ಮಾಡಿ, ರಿಮ್ ಅಳತೆ ಕೂಡಿಸಿದರೆ ಆಯಿತು. ಒಂದು ಇಂಚಿಗೆ 25.4 ಮಿಲಿಮೀಟರ್.

43 ಸಾಕಾಗಬಹುದಿತ್ತೇನೋ. ಗೂಡಿನೊಳಗೆ ಕೈ ಹಾಕಿ ಸವರಿದಾಗ ಉತ್ತರ ಸಿಕ್ಕಿತು. ಉಳಿದ ಕಡೆ ತಗಡು ಧೂಳು ಹಿಡಿದು ಒರಟಾಗಿತ್ತು. ಮೇಲ್ಗಡೆ ನಡುವಿನಲ್ಲಿ ಮಾತ್ರ ಅಂಗೈ ಅಗಲದ ಜಾಗ ನುಣ್ಣಗಿತ್ತು. ಟಾರ್ಚ್ ಹಾಕಿ ನೋಡಿದರೆ ಕಪ್ಪಗೆ ಹೊಳೆಯುತ್ತಿದೆ. ರಬ್ಬರ್ ಉಜ್ಜಿದ ಗುರುತು. ಅಂದರೆ ಯಾವುದೋ ದೊಡ್ಡ ಉಬ್ಬಿನಲ್ಲೋ ಗುಂಡಿಯಲ್ಲೋ ಆ 62 ಮಿಲಿಮೀಟರ್ ಕೂಡ ಪೂರ್ತಿ ಖರ್ಚಾಗಿ ಟೈರ್ ಹೋಗಿ ಬಡಿದಿದೆ. ಬಲಗಡೆ ಗೂಡಿನಲ್ಲಿ ಇಂಥ ಗುರುತಿರಲಿಲ್ಲ. ಆ ಪಕ್ಕದಲ್ಲಿ ಭಾರ ಕಡಿಮೆ, ಹಾಗಾಗಿ ಜಾಗವೂ ಒಂದು ಬೆರಳು ಜಾಸ್ತಿ.

14 ಇಂಚಿನ ಮಾತು ಅಲ್ಲಿಗೇ ಬಿತ್ತು. ಸ್ಪ್ರಿಂಗ್ ಬದಲಿಸಿ ಟ್ರೇಲರ್ ಎತ್ತರಿಸಬಹುದು, ನಿಜ. ಹಾಗೆ ಮಾಡಿದರೆ ಹಿಚ್ ಎತ್ತರ ಹೊಂದಿಸಬೇಕು, ಮೆಟ್ಟಿಲು ಬದಲಿಸಬೇಕು, ತಗ್ಗಾಗಿ ಕೂತ ಹಳೇ ಟ್ರೇಲರ್‌ನ ಚಂದವೂ ಹೋಗುತ್ತದೆ. ಟೈರ್ ಬದಲಿಸೋಕೆ ಹೋಗಿ ಇಡೀ ಟ್ರೇಲರ್ ಬದಲಿಸುವ ಆಸೆ ನನಗಿರಲಿಲ್ಲ. ಚಪ್ಪಟೆಯಾದ ಪಟ್ಟಿಗಳನ್ನು ಮತ್ತೆ ಬಾಗಿಸಿ ಮೊದಲಿದ್ದ ಎತ್ತರಕ್ಕೆ ತರಿಸುವುದನ್ನು ಮಾತ್ರ ಮಾಡಬೇಕಾದ ಕೆಲಸಗಳಿಗೆ ಸೇರಿಸಿದೆ. ಆ ಕೆಲಸ ಆದ ಮೇಲೆ 13 ಇಂಚಿಗೆ ಸಾಕಷ್ಟು ಜಾಗ ಸಿಕ್ಕಿದೆ.

ರೇಡಿಯಲ್ಲೋ ಬಯಾಸೋ ಅನ್ನೋ ಜಗಳಕ್ಕೆ ಕೊನೆ ಇಲ್ಲ. ರೇಡಿಯಲ್ ಟೈರ್‌ನಲ್ಲಿ ಒಳಗಿನ ನೂಲು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗಿರುತ್ತದೆ. ಬಯಾಸ್ ಟೈರ್‌ನಲ್ಲಿ ನೂಲಿನ ಪದರಗಳು ಓರೆಯಾಗಿ ಒಂದರ ಮೇಲೊಂದು ಹಾದು ಹೋಗಿರುತ್ತವೆ. ಸೈಜ್ ಬರೆದಲ್ಲಿ 'ಆರ್' ಬದಲು 'ಡಿ' ಇರುತ್ತದೆ. ಲೋಡ್ ರೇಂಜ್ 'ಡಿ' ಜೊತೆ ಇದನ್ನು ಬೆರೆಸಿಕೊಳ್ಳಬೇಡಿ. ಬಯಾಸ್ ಟೈರ್‌ನ ಗೋಡೆ ಗಟ್ಟಿ, ಅಲ್ಲಾಟ ಕಡಿಮೆ. ಆದರೆ ಬೇಗ ಬಿಸಿಯಾಗುತ್ತದೆ, ನಿಂತಲ್ಲೇ ನಿಂತರೆ ತಳ ಚಪ್ಪಟೆಯಾಗುತ್ತದೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಎಳೆಯುವವರಿಗೆ ರೇಡಿಯಲ್ಲೇ ಸರಿ ಅನ್ನೋದು ನನ್ನ ಅಭಿಪ್ರಾಯ. ಯಾವುದಾದರೂ ಹಾಕಿ, ಒಂದೇ ಆಕ್ಸಲ್‌ಗೆ ಒಂದು ಕಡೆ ಅದು, ಇನ್ನೊಂದು ಕಡೆ ಇದು ಮಾತ್ರ ಬೇಡವೇ ಬೇಡ. ಹಳೇ ಚಂದಕ್ಕಾಗಿ ಬಿಳಿ ಅಂಚಿನ ಟೈರ್ ಬೇಕು ಅಂತ ಮನೆಯಲ್ಲೂ ಆಸೆ ಇತ್ತು. ರಿಮ್‌ಗೆ ಸಿಕ್ಕಿಸುವ ಬಿಳಿ ರಬ್ಬರ್ ಬಳೆಗಳು ಸಿಗುತ್ತವೆ. ಆದರೆ ರೇಡಿಯಲ್ ಟೈರ್‌ನ ಗೋಡೆ ಉರುಳುವಾಗ ಚೆನ್ನಾಗಿ ಬಾಗುತ್ತದೆ, ಬಳೆ ಅಲ್ಲೇ ಉಜ್ಜಿ ಉಜ್ಜಿ ರಬ್ಬರ್ ತಿನ್ನುತ್ತದೆ. ಬೇಡ ಅಂತ ಬಿಟ್ಟೆವು.

ಕೊನೆಗೆ ನಿಂತದ್ದು ಎಸ್‌ಟಿ 185/80 ಆರ್ 13, ಲೋಡ್ ರೇಂಜ್ ಡಿ. ಇಷ್ಟೆಲ್ಲ ಸುತ್ತಿ ಬಂದರೂ ಹಳೇ ಟೈರ್‌ನ ಅಂಕಿಗೇ ಬಂದು ನಿಂತೆ ಅಂತ ನಗು ಬರುತ್ತದೆ. ಮುಂದಿನ ಅಕ್ಷರ ಮತ್ತು ಲೋಡ್ ರೇಂಜ್ ಮಾತ್ರ ಬೇರೆ. ಅವೆರಡರಿಂದಾಗಿ 536 ಇದ್ದದ್ದು 775 ಆಯಿತು.

ಸಿ ಸಾಕಾಗುತ್ತಿತ್ತಲ್ಲ, ಡಿ ಯಾಕೆ ಅಂತ ಕೇಳಿದವರಿದ್ದಾರೆ. 65 ಪಿಎಸ್‌ಐ ಗಾಳಿ ಹೊಡೆಸಿದರೆ ಹಗುರ ಟ್ರೇಲರ್ ಕಲ್ಲಿನ ಹಾಗೆ ಕುಪ್ಪಳಿಸುತ್ತದೆ, ಒಳಗಿನ ಸ್ಕ್ರೂಗಳೆಲ್ಲ ಸಡಿಲ ಆಗುತ್ತವೆ ಅನ್ನೋದು ಅವರ ವಾದ. ಅದು ಸುಳ್ಳಲ್ಲ. ಆದರೆ ಒಂದೇ ಸೈಜ್‌ನ ಸಿ ಮತ್ತು ಡಿ ಟೈರ್‌ಗಳು ಒಂದೇ ಗಾಳಿಯಲ್ಲಿ ಹೊರುವುದು ಒಂದೇ ಭಾರ. ಡಿ ಟೈರ್‌ಗೆ 50 ಹೊಡೆಸಿದರೂ ಸಿ ಟೈರ್‌ನಷ್ಟೇ 670 ಹೊರುತ್ತದೆ. 50ಕ್ಕಿಂತ ಮೇಲೆ ಹೋಗುವ ಅವಕಾಶ ಡಿ ಟೈರ್‌ಗೆ ಇದೆ, ಸಿ ಟೈರ್‌ಗೆ ಇಲ್ಲ. ಗೋಡೆ ಮೇಲೆ ಬರೆದ ಪೂರ್ತಿ ಗಾಳಿಯನ್ನೇ ಹೊಡೆಸಿ ಅಂತ ಟ್ರೇಲರ್ ಟೈರ್ ಬಗ್ಗೆ ಹೆಚ್ಚಿನವರು ಹೇಳುತ್ತಾರೆ. ದೂರದ ಪ್ರಯಾಣಕ್ಕೆ ನಾನೂ 65ನ್ನೇ ಇಡುತ್ತೇನೆ. ಹತ್ತಿರದ ಕೆಟ್ಟ ರಸ್ತೆಗೆ, ನಿಧಾನವಾಗಿ ಹೋಗುವಾಗ, ಸ್ವಲ್ಪ ಇಳಿಸುತ್ತೇನೆ. 50ಕ್ಕಿಂತ ಕೆಳಗೆ ಯಾವತ್ತೂ ಇಲ್ಲ. ಗಾಳಿ ಕಡಿಮೆಯಾದ ಟೈರ್ ಗೋಡೆ ಬಾಗಿ ಬಾಗಿ ಬಿಸಿಯಾಗುತ್ತದೆ. ಟ್ರೇಲರ್ ಟೈರ್ ಸಿಡಿಯುವುದು ಬಹುಪಾಲು ಆ ಬಿಸಿಯಿಂದಲೇ.

65 ಅಂದ ಕೂಡಲೇ ರಿಮ್ ಪ್ರಶ್ನೆ ಬಂತು. ಟೈರ್ ತಡೆದರೆ ಸಾಲದು, ರಿಮ್ ಕೂಡ ತಡೆಯಬೇಕು. ನನ್ನ ಹಳೇ ರಿಮ್‌ಗಳ ಹಿಂಭಾಗವನ್ನು ತಂತಿ ಬ್ರಷ್‌ನಿಂದ ಉಜ್ಜಿದೆ. ಎಷ್ಟು ಭಾರ, ಎಷ್ಟು ಗಾಳಿ ಅನ್ನೋ ಯಾವ ಮುದ್ರೆಯೂ ಇರಲಿಲ್ಲ. ತುಕ್ಕು ಮಾತ್ರ ಧಾರಾಳವಾಗಿತ್ತು. ಹೊಸ ರಿಮ್ ತಗೊಳ್ಳೋಣ ಅಂತ ತೀರ್ಮಾನಿಸಿದೆ. ಐದು ಬೋಲ್ಟ್‌ನ ವೃತ್ತ ಅಳೆಯುವುದು ಸ್ವಲ್ಪ ಪೇಚು. ಎದುರುಬದುರು ರಂಧ್ರಗಳಿಲ್ಲ. ಪಕ್ಕಪಕ್ಕದ ಎರಡು ರಂಧ್ರಗಳ ನಡುವಿನಿಂದ ನಡುವಿಗೆ ಅಳೆದು 1.7ರಿಂದ ಗುಣಿಸಬೇಕು. ನನಗೆ 67 ಮಿಲಿಮೀಟರ್ ಬಂತು, ಗುಣಿಸಿದರೆ 114. ಅದು ನಾಲ್ಕೂವರೆ ಇಂಚಿನ ವೃತ್ತ, ಸಣ್ಣ ಟ್ರೇಲರ್‌ಗಳಲ್ಲಿ ತುಂಬಾ ಸಾಮಾನ್ಯವಾದದ್ದು. ಹೊಸ ರಿಮ್ ಮೇಲೆ 65 ಪಿಎಸ್‌ಐ, ಸುಮಾರು 750 ಕೆಜಿ ಅಂತ ಇತ್ತು. ಅಂದರೆ ನನ್ನ ಟೈರ್ 775 ಹೊತ್ತರೂ ಲೆಕ್ಕಕ್ಕೆ ಹಿಡಿಯಬೇಕಾದ್ದು 750. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ.

ವಾಲ್ವ್ ಕೂಡ ಹಾಗೇ. ಕಾರುಗಳಿಗೆ ಹಾಕುವ ಸಾಮಾನ್ಯ ರಬ್ಬರ್ ವಾಲ್ವ್, ಟಿಆರ್ 413 ಅನ್ನೋದು, 65 ಪಿಎಸ್‌ಐ ತನಕ ಮಾತ್ರ. ನಾನು ಸರಿಯಾಗಿ ಆ ಗೆರೆ ಮೇಲೇ ನಿಂತಿದ್ದೆ. ನಟ್ ಹಾಕಿ ಬಿಗಿಯುವ ಲೋಹದ ವಾಲ್ವ್ ಹಾಕಿಸಿದೆ.

ಟೈರ್ ಅಂಗಡಿಯಲ್ಲಿ ನಾನು ಮೊದಲು ಕೇಳಿದ್ದು ಹಣ ಎಷ್ಟು ಅಂತಲ್ಲ, ತಾರೀಖು ಯಾವುದು ಅಂತ. ಒಳಗಿನಿಂದ ತಂದ ಎರಡರಲ್ಲಿ ಒಂದು ಆ ವರ್ಷದ್ದೇ. ಇನ್ನೊಂದು ಮೂರು ವರ್ಷ ಹಳೆಯದು. "ಹೊಸದೇ ಸಾರ್, ಹಾಕೇ ಇಲ್ಲ" ಅಂದರು. ಹಾಕದೇ ಇದ್ದರೂ ವಯಸ್ಸು ಆಗೇ ಆಗುತ್ತದೆ. ಬೇರೆ ತರಿಸಿಕೊಡೋಕೆ ಅವರು ಬೇಜಾರು ಮಾಡಿಕೊಳ್ಳಲಿಲ್ಲ, ನಾನು ಒಂದು ವಾರ ಕಾಯಬೇಕಾಯಿತು, ಅಷ್ಟೇ. ವೇಗದ ಗುರುತನ್ನೂ ನೋಡಿಕೊಂಡೆ. ಎಸ್‌ಟಿ ಟೈರ್ ಮೇಲೆ ಬೇರೆ ಏನೂ ಬರೆದಿಲ್ಲ ಅಂದರೆ ಗಂಟೆಗೆ 65 ಮೈಲಿ, ಅಂದರೆ 105 ಕಿಲೋಮೀಟರ್‌ಗೆ ಮಾಡಿದ್ದು ಅಂತ ತಿಳಿಯಬೇಕು. ನನ್ನದರ ಮೇಲೆ 'ಎಲ್' ಇತ್ತು, 120 ತನಕ. ಅಷ್ಟು ವೇಗದಲ್ಲಿ ಈ ಟ್ರೇಲರ್ ಎಳೆಯುವ ಹುಚ್ಚು ನನಗಿಲ್ಲ, ಆದರೂ ಬಿಸಿಗೆ ಸ್ವಲ್ಪ ಹೆಚ್ಚು ತಡೆಯುತ್ತದೆ ಅನ್ನೋ ಸಮಾಧಾನ.

ಬ್ಯಾಲೆನ್ಸ್ ಮಾಡಿಸಿ ಅಂದಾಗ ಟ್ರೇಲರ್‌ಗೆ ಯಾಕೆ ಅಂದರು. ಒಳಗೆ ಯಾರೂ ಕೂತಿರಲ್ಲ, ಸ್ಟಿಯರಿಂಗ್ ನಡುಗಲ್ಲ, ನಿಜ. ಆದರೆ ಮರಕ್ಕೆ ಹೊಡೆದ ಅರವತ್ತು ವರ್ಷದ ಮೊಳೆಗಳು ನಡುಗುತ್ತವೆ. ಮಾಡಿಸಿದೆ.

ಹೊಸ ಚಕ್ರ ಹಾಕುವ ಮೊದಲು, ಹೇಗೂ ಚಕ್ರ ಬಿಚ್ಚಿದೆ ಅಂತ ಹಬ್ ತೆಗೆದು ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬಿದೆ, ಸೀಲ್ ಬದಲಿಸಿದೆ. ಜಾಕನ್ನು ಆಕ್ಸಲ್ ನಡುವೆ ಕೊಡಬೇಡಿ, ಅದು ಬಾಗುತ್ತದೆ. ಚಾಸಿಗೆ ಕೊಟ್ಟು, ಕೆಳಗೆ ಸ್ಟ್ಯಾಂಡ್ ಇಟ್ಟುಕೊಳ್ಳಿ. ನಟ್‌ಗಳನ್ನು ನಕ್ಷತ್ರದ ಕ್ರಮದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿದು, ಕೊನೆಗೆ ಟಾರ್ಕ್ ವ್ರೆಂಚ್ (ಎಷ್ಟು ಬಿಗಿದೆವು ಅಂತ ಅಳೆಯುವ ಪಾನಾ) ಹಾಕಿದೆ. ಅರ್ಧ ಇಂಚಿನ ಬೋಲ್ಟ್‌ಗೆ 120ರಿಂದ 160 ನ್ಯೂಟನ್ ಮೀಟರ್. ಹೊಸ ರಿಮ್‌ನ ಬಣ್ಣ ಒತ್ತಿಕೊಂಡು ನಟ್ ಸಡಿಲಾಗುವುದು ಸಹಜ. ಎಂಬತ್ತು ಕಿಲೋಮೀಟರ್ ಓಡಿದ ಮೇಲೆ ನಿಲ್ಲಿಸಿ ನೋಡಿದಾಗ ಎಡಗಡೆ ಎರಡು ನಟ್ ಕಾಲು ಸುತ್ತು ತಿರುಗಿದವು.

ಅಲ್ಲೇ ಗಾಳಿಯನ್ನೂ ಅಳೆದೆ. ತಣ್ಣಗಿದ್ದಾಗ 65 ಇದ್ದದ್ದು ಎರಡೂ ಕಡೆ 70ರ ಮೇಲೆ ಹೋಗಿತ್ತು. ಹೆದರಿ ಗಾಳಿ ಬಿಡಬಾರದು. ಬರೆದಿರುವ ಅಂಕಿ ತಣ್ಣಗಿನ ಟೈರ್‌ಗೆ, ಓಡಿದ ಮೇಲೆ ಏರೋದು ಲೆಕ್ಕದಲ್ಲೇ ಇರುತ್ತದೆ. ಬಿಸಿ ಐದಾರು ಡಿಗ್ರಿ ಸೆಲ್ಸಿಯಸ್ ಏರಿದರೆ 65 ಇರುವ ಗಾಳಿ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ನಾನು ನೋಡುತ್ತಿದ್ದದ್ದು ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸವನ್ನು. ಎಡಗಡೆಯದು ಸ್ವಲ್ಪ ಜಾಸ್ತಿ ಏರಿತ್ತು. ಆಮೇಲೆ ಬ್ಯಾಟರಿಯನ್ನೂ ಟೂಲ್ ಬಾಕ್ಸನ್ನೂ ಬಲಗಡೆ ಬೆಂಚಿನ ಕೆಳಗೆ ಸಾಗಿಸಿದೆ. ಈಗ ಎರಡೂ ಹೆಚ್ಚು ಕಡಿಮೆ ಒಂದೇ ಸಮ.

ಸ್ಟೆಪ್ನಿ ಬಗ್ಗೆ ಹೇಳುವುದು ಉಳಿಯಿತು. ಟ್ರೇಲರ್ ಹಿಂದೆ ನೇತು ಹಾಕಿದ್ದ ಹಳೇ ಸ್ಟೆಪ್ನಿ ಓಡುವ ಟೈರ್‌ಗಳಿಗಿಂತಲೂ ಹಳೆಯದು. ಅದರ ಮೇಲೆ ತಾರೀಖಿನ ಅಂಕಿ ಮೂರೇ ಇದ್ದವು, ಅಂದರೆ 2000ಕ್ಕೆ ಮುಂಚಿನದು. ಅದಕ್ಕೂ ಅದೇ ರಿಮ್, ಅದೇ ಡಿ ಟೈರ್ ತಗೊಂಡೆ. ಹೊಸ ರಿಮ್‌ನ ನಡುಭಾಗ ಹಳೆಯದಕ್ಕಿಂತ ಆಳದಲ್ಲಿ ಕೂರುತ್ತದೆ, ಹಾಗಾಗಿ ಹಳೇ ಸ್ಟ್ಯಾಂಡಿನ ಬೋಲ್ಟ್ ಮುಟ್ಟಲಿಲ್ಲ. ಉದ್ದದ ಬೋಲ್ಟ್ ಹಾಕಿ, ಹಿಂದೆ ಒಂದು ದಪ್ಪ ವಾಷರ್ ಕೊಟ್ಟು ಬಿಗಿದೆ. ಗಾಳಿ ಅಳೆಯಲು ವಾಲ್ವ್ ಹೊರಮುಖವಾಗಿ ಬರುವ ಹಾಗೆ ತಿರುಗಿಸಿ ಹಾಕಿದ್ದೇನೆ. ಎರಡು ಚಕ್ರಕ್ಕೆ ಗಾಳಿ ನೋಡುವಾಗಲೇ ಅದಕ್ಕೂ ನೋಡುತ್ತೇನೆ.